ಇಂಟರ್ನೆಟ್ ಪ್ಲಾನ್ ಏರಿಸಿದರೂ ಆಕ್ಸೆಸ್ ಫೈಲ್ ಯಾಕೆ ತೆವಳುತ್ತದೆ?

ಪ್ರಶ್ನೆ: ಸರ್, ಎಸ್ಟೇಟ್ ಆಫೀಸಿನ ಚೆಕ್‌ರೋಲ್ (ಕೂಲಿಕಾರರ ಹಾಜರಿ, ಕೂಲಿ) ಲೆಕ್ಕವೆಲ್ಲ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸಿನ ಫೈಲಿನಲ್ಲಿದೆ. ಫೈಲ್ ಇರುವುದು ಶೇರ್ಡ್ ಡ್ರೈವ್‌ನಲ್ಲಿ. ನಾನೊಬ್ಬನೇ ತೆರೆದರೆ ಚುರುಕು, ಇನ್ನೊಬ್ಬರು ತೆರೆದರೆ ವರದಿ ಬರಲು ನಿಮಿಷಗಟ್ಟಲೆ ಕಾಯಬೇಕು. ಫೈಬರ್ ಪ್ಲಾನ್ 300 ಎಂಬಿಪಿಎಸ್‌ಗೆ ಏರಿಸಿದೆವು, ಪ್ರಯೋಜನವಾಗಲಿಲ್ಲ.

ಉತ್ತರ: ಕಾಫಿ ಕೊಯ್ಲು ಶುರುವಾದರೆ ಸಿದ್ದಾಪುರ, ಸುಂಟಿಕೊಪ್ಪ, ಗೋಣಿಕೊಪ್ಪ ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ. ಪ್ಲಾನ್ ಏರಿಸಬೇಡಿ ಎಂದು ಎಷ್ಟು ಸಲ ಹೇಳಿದ್ದೇನೋ! ಈ ಸಲ ನನ್ನ ಮಾತು ನಂಬುವುದೂ ಬೇಡ. ರೌಟರಿಗೆ ಹೊರಗಿನಿಂದ ಬರುವ ಇಂಟರ್ನೆಟ್ ವೈರನ್ನು ಐದು ನಿಮಿಷ ಕಿತ್ತಿಟ್ಟು ಅದೇ ವರದಿ ತೆಗೆಯಿರಿ. ವರದಿ ಬರುತ್ತದೆ, ಅಷ್ಟೇ ನಿಧಾನವಾಗಿ. ರೈಟರ (ಗುಮಾಸ್ತರ) ಮೇಜಿನಿಂದ ಫೈಲ್ ಇರುವ ಪಕ್ಕದ ಕೋಣೆಯ ಕಂಪ್ಯೂಟರಿಗೆ ಹೋಗುವ ಮಾಹಿತಿ ಆಫೀಸಿನ ನೆಟ್‌ವರ್ಕ್ ಸ್ವಿಚ್ (ಕಂಪ್ಯೂಟರುಗಳ ವೈರೆಲ್ಲ ಸೇರುವ ಪೆಟ್ಟಿಗೆ) ದಾಟಿ ಹೊರಗೆ ಹೋಗುವುದೇ ಇಲ್ಲ.

ಹಾಗಾದರೆ ತಡ ಎಲ್ಲಿ? ಫೈಲ್ ಇಟ್ಟ ಕಂಪ್ಯೂಟರ್ ಏನೂ ಹುಡುಕಿಕೊಡುವುದಿಲ್ಲ, ಅದು ಬರೀ ಬೀರು. ಹುಡುಕುವ ಕೆಲಸ ನಿಮ್ಮ ಕಂಪ್ಯೂಟರಿನದು, ಅದೂ 4 ಕೆಬಿಯ ಒಂದೊಂದು ಪುಟ ತರಿಸಿಕೊಂಡು. 10,000 ಪುಟ ಬೇಕಾದರೆ ಒಟ್ಟು ಬರೀ 40 ಎಂಬಿ. ಆದರೆ ಒಂದಾದ ಮೇಲೊಂದು ಕೇಳುವಾಗ ಪ್ರತಿ ಸಲಕ್ಕೂ ಅರ್ಧ ಮಿಲಿಸೆಕೆಂಡ್ ಹಿಡಿದರೆ 5 ಸೆಕೆಂಡ್. ಬೆಂಗಳೂರಿನಿಂದ ವಿಪಿಎನ್ (ಇಂಟರ್ನೆಟ್ ಮೇಲೆ ಆಫೀಸಿನ ನೆಟ್‌ವರ್ಕಿಗೆ ಬರುವ ಖಾಸಗಿ ದಾರಿ) ಮೂಲಕ ತೆರೆಯುವ ಯಜಮಾನರಿಗೆ ಅದೇ 30 ಮಿಲಿಸೆಕೆಂಡ್ ಆಯಿತೆನ್ನಿ, 5 ನಿಮಿಷ! ಗೋದಾಮಿನಿಂದ ಲೆಡ್ಜರನ್ನು ಹಾಳೆ ಹಾಳೆಯಾಗಿ ತರಲು ಆಳು ಕಳಿಸಿ, ದಾರಿ ಅಗಲ ಮಾಡಿದರೆ ಅವನ ನಡಿಗೆ ಕಮ್ಮಿಯಾಗುತ್ತದೆಯೇ?

ಇಬ್ಬರು ತೆರೆದಾಗ ಬೀಳುವ ಪೆಟ್ಟಿಗೂ ಕಾರಣವಿದೆ. ಒಬ್ಬರೇ ಇದ್ದಾಗ ಓದಿದ ಪುಟಗಳನ್ನು ತನ್ನಲ್ಲೇ ಇಟ್ಟುಕೊಳ್ಳಲು ವಿಂಡೋಸ್ ನಿಮ್ಮ ಕಂಪ್ಯೂಟರಿಗೆ ಬಿಡುತ್ತದೆ. ಎರಡನೆಯವರು ಬಂದ ಕೂಡಲೇ ಆ ಅನುಮತಿ ರದ್ದು, ಮತ್ತೆ ಮತ್ತೆ ಬೀರುವಿಗೇ ಓಡಬೇಕು.

ಮಾಡಬೇಕಾದ್ದು ಇಷ್ಟು. ಫಾರ್ಮ್, ವರದಿಗಳನ್ನು ಬೇರೆ ಫೈಲ್ ಮಾಡಿ ಪ್ರತಿ ಕಂಪ್ಯೂಟರಿನಲ್ಲೂ ಒಂದೊಂದು ಪ್ರತಿ ಇಡಿ. ಲೆಕ್ಕ ತುಂಬಿರುವ ಟೇಬಲ್‌ಗಳು ಮಾತ್ರ ಶೇರ್ಡ್ ಡ್ರೈವ್‌ನಲ್ಲಿರಲಿ. ದಿನಾಂಕ, ಕೂಲಿಕಾರರ ನಂಬರಿನ ಕಾಲಂಗೆ ಇಂಡೆಕ್ಸ್ ಹಾಕಿ, ಆಗ ಇಡೀ ಟೇಬಲ್ ಬಗೆಯಬೇಕಿಲ್ಲ. ಫೈಲ್ ಯಾರು ತೆರೆದಿದ್ದಾರೆಂದು ಆಕ್ಸೆಸ್ ಗುರುತಿಡುವ ಲಾಕ್ ಫೈಲ್ ಪದೇ ಪದೇ ಹುಟ್ಟಿ ಸಾಯದಂತೆ ಒಂದು ಸಣ್ಣ ಟೇಬಲನ್ನು ದಿನವಿಡೀ ತೆರೆದಿಡಿ. ವಿಪಿಎನ್‌ನವರು ಫೈಲ್ ಮುಟ್ಟಲೇಬಾರದು, ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಆಫೀಸಿನ ಕಂಪ್ಯೂಟರಿಗೇ ಬಂದು ಅದನ್ನೇ ದೂರದಿಂದ ನಡೆಸಲಿ. ಫೈಲ್ 2 ಜಿಬಿಯ ಮಿತಿಗೆ ಹತ್ತಿರವಾಗುತ್ತಿದ್ದರೆ ಮೈಕ್ರೋಸಾಫ್ಟಿನದೇ ಇನ್ನೊಂದು ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್‌ಗೆ ಹೋಗಿ. ಅದು ಉಚಿತ, ಹುಡುಕುವ ಕೆಲಸವನ್ನೂ ತಾನೇ ಮಾಡಿ ಉತ್ತರವನ್ನಷ್ಟೇ ಕಳಿಸುತ್ತದೆ.

ನೀವು ಕೇಳಲಿಲ್ಲ, ಆದರೂ ಮಳೆಗಾಲದ ಮುಂಚೆ ಹೇಳಿಬಿಡುತ್ತೇನೆ. ಕಂಪ್ಯೂಟರುಗಳಿಗೆಲ್ಲ ಯುಪಿಎಸ್ ಕೊಟ್ಟು ಸ್ವಿಚ್ಚನ್ನು ಗೋಡೆಯ ಪ್ಲಗ್ಗಿಗೆ ಹಾಕಿರುವ ಆಫೀಸುಗಳನ್ನು ಬೇಕಾದಷ್ಟು ನೋಡಿದ್ದೇನೆ. ಕರೆಂಟ್ ಹೋದ ಕ್ಷಣ ಸ್ವಿಚ್ ಸಾಯುತ್ತದೆ, ಅರ್ಧ ಬರೆದ ಪುಟ ಅರ್ಧಕ್ಕೇ ನಿಂತು ಫೈಲ್ ಕೆಡಬಹುದು. ವೈಫೈ ಕಡಿದರೂ ಅದೇ ಗತಿ. ಸ್ವಿಚ್ಚಿಗೂ ಯುಪಿಎಸ್‌ನಿಂದ ಒಂದು ವೈರು ಎಳೆಯಿರಿ, ಸಂಜೆ ಎಲ್ಲರೂ ಫೈಲ್ ಮುಚ್ಚಿದ ಮೇಲೆ ಅದರ ಪ್ರತಿಯೊಂದನ್ನು ಬೇರೆ ಡಿಸ್ಕಿಗೆ ಹಾಕಿಡಿ.