ಬಲಗಾಲಿನ ಮೇಲೆ ಇಳಿಯುವವರು

ಫಿಗರ್ ಸ್ಕೇಟಿಂಗ್ ನೋಡುವಾಗ ನಾನು ಟಿವಿಯ ಸೌಂಡ್ ಜಾಸ್ತಿ ಮಾಡುತ್ತೇನೆ. ಹಾಡು ಕೇಳಲು ಅಲ್ಲ, ಬ್ಲೇಡ್ ಐಸ್‌ಗೆ ತಾಗುವ ಸದ್ದು ಕೇಳಲು. ಚೆನ್ನಾಗಿ ಇಳಿದರೆ ರೇಷ್ಮೆ ಸೀಳಿದ ಹಾಗೆ ಉದ್ದಕ್ಕೆ ಸರ್ರನೆ ಸದ್ದು ಬರುತ್ತದೆ. ಸರಿಯಾಗಿ ಇಳಿಯದಿದ್ದರೆ ಟಕ್ ಎಂದು ಕಡಿದು ನಿಲ್ಲುತ್ತದೆ. ಕ್ರೀಡಾ ಫಿಸಿಯೋಥೆರಪಿಸ್ಟ್ ಆಗಿ ವರ್ಷಗಟ್ಟಲೆ ಮಂಡಿ, ಬೆನ್ನು, ಪಾದ ಮುಟ್ಟಿ ನೋಡಿದ ಮೇಲೆ ಕಿವಿ ಈ ಎರಡು ಸದ್ದನ್ನು ತಾನಾಗಿಯೇ ಬೇರೆ ಮಾಡುತ್ತದೆ. ಆ ಟಕ್ ಎಂಬ ಪೆಟ್ಟನ್ನು ಐಸ್ ನುಂಗುವುದಿಲ್ಲ. ಇಳಿದವರ ಮೈ ನುಂಗುತ್ತದೆ.

ನನ್ನ ಕ್ಲಿನಿಕ್‌ಗೆ ಬರುವವರು ಐಸ್ ಮೇಲೆ ಆಡುವವರಲ್ಲ. ಬೆಂಗಳೂರಿನ ಮಕ್ಕಳು ರೋಲರ್ ಸ್ಕೇಟ್ ಕಟ್ಟಿಕೊಂಡೇ ಬೆಳೆಯುತ್ತಾರೆ. ಅದರಲ್ಲಿ ಆರ್ಟಿಸ್ಟಿಕ್ ಎಂಬ ವಿಭಾಗ ಇದೆ. ಐಸ್ ಮೇಲಿನ ಜಿಗಿತಗಳೇ ಇಲ್ಲಿಯೂ ಇವೆ, ಹೆಸರುಗಳೂ ಅವೇ: ಆಕ್ಸೆಲ್, ಲಟ್ಜ್, ಸಾಲ್ಕೋ. ಈಚೆಗೆ ಹನ್ನೊಂದು ವರ್ಷದ ಒಬ್ಬ ಹುಡುಗಿಯನ್ನು ಅವಳ ಅಮ್ಮ ಕರೆದುಕೊಂಡು ಬಂದಿದ್ದರು. ಕೆಳಬೆನ್ನು ನೋವು, ಹಿಂದಕ್ಕೆ ಬಾಗಿದರೆ ಇನ್ನೂ ಜಾಸ್ತಿ. ನಾನು ಬೆನ್ನು ನೋಡುತ್ತಿದ್ದಾಗ ಅಮ್ಮ ಫೋನಿನಲ್ಲಿ ಅಮೆರಿಕದ ಇಲಿಯಾ ಮಾಲಿನಿನ್ ಅವರ ವಿಡಿಯೋ ತೋರಿಸಿದರು. "ಇವರ ಹಾಗೆ ನಾಲ್ಕು ಸುತ್ತು ಹಾಕೋಕೆ ಇವಳು ಇನ್ನೆಷ್ಟು ಪ್ರಾಕ್ಟೀಸ್ ಮಾಡ್ಬೇಕು?" ಎಂದು ಕೇಳಿದರು. ಪ್ರೀತಿಯಿಂದಲೇ ಕೇಳಿದ ಪ್ರಶ್ನೆ. ಐದು ನಿಮಿಷದಲ್ಲಿ ಉತ್ತರ ಕೊಡಲು ಆಗಲಿಲ್ಲ. ಅಂದು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ವಿಡಿಯೋದಲ್ಲಿ ಇದ್ದದ್ದು ಕ್ವಾಡ್ ಆಕ್ಸೆಲ್. ಕ್ವಾಡ್ ಎಂದರೆ ನಾಲ್ಕು ಸುತ್ತಿನ ಜಿಗಿತ. 1882ರಲ್ಲಿ ನಾರ್ವೆಯ ಆಕ್ಸೆಲ್ ಪಾಲ್ಸನ್ ವಿಯೆನ್ನಾದಲ್ಲಿ ಮುಖ ಮುಂದಕ್ಕಿಟ್ಟು ಜಿಗಿದು, ಒಂದೂವರೆ ಸುತ್ತು ಹಾಕಿ, ಹಿಮ್ಮುಖವಾಗಿ ಇಳಿದರು. ಅವರ ಹೆಸರೇ ಆ ಜಿಗಿತಕ್ಕೆ ನಿಂತಿತು. ಉಳಿದ ಜಿಗಿತಗಳೆಲ್ಲ ಹಿಮ್ಮುಖವಾಗಿ ಶುರುವಾಗುತ್ತವೆ. ಆಕ್ಸೆಲ್ ಮಾತ್ರ ಮುಂದಕ್ಕೆ. ಹಾಗಾಗಿ ಅದರಲ್ಲಿ ಯಾವಾಗಲೂ ಅರ್ಧ ಸುತ್ತು ಜಾಸ್ತಿ. ಆ ಒಂದೂವರೆಯಿಂದ ನಾಲ್ಕೂವರೆಗೆ ಬರಲು 140 ವರ್ಷ ಬೇಕಾಯಿತು. 2022ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ, ಹದಿನೇಳು ವರ್ಷದ ಮಾಲಿನಿನ್ ಅಂತಾರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ ಮೊದಲ ಬಾರಿಗೆ ಅದನ್ನು ಸರಿಯಾಗಿ ಇಳಿಸಿದರು. ಆಮೇಲೆ 2024 ಮತ್ತು 2025ರಲ್ಲಿ ವಿಶ್ವ ಚಾಂಪಿಯನ್ ಆದರು.

ಇದರ ಲೆಕ್ಕ ಸ್ವಲ್ಪ ನೋಡೋಣ. ಒಳ್ಳೆಯ ಸ್ಕೇಟರ್ ಸುಮಾರು ಅರ್ಧ ಮೀಟರ್ ಮೇಲಕ್ಕೆ ಏಳುತ್ತಾರೆ. ಅಷ್ಟು ಎತ್ತರ ಎದ್ದು ಕೆಳಗೆ ಬರಲು ಹಿಡಿಯುವ ಸಮಯ 0.64 ಸೆಕೆಂಡ್. ಭೂಮಿ ಯಾರಿಗೂ ಇದಕ್ಕಿಂತ ಜಾಸ್ತಿ ಸಮಯ ಕೊಡುವುದಿಲ್ಲ. ಮನೆಯ ಸೀಲಿಂಗ್ ಫ್ಯಾನ್ ಐದರಲ್ಲಿಟ್ಟರೆ ನಿಮಿಷಕ್ಕೆ ಸುಮಾರು 350 ಸುತ್ತು ತಿರುಗುತ್ತದೆ. ಕ್ವಾಡ್ ಜಿಗಿತದಲ್ಲಿ ಮನುಷ್ಯರ ಮೈ ಗಾಳಿಯಲ್ಲಿ ಹೆಚ್ಚೂಕಡಿಮೆ ಆ ವೇಗ ಮುಟ್ಟುತ್ತದೆ. ಮೂರು ಸುತ್ತಿನವರಿಗಿಂತ ನಾಲ್ಕು ಸುತ್ತಿನವರು ತುಂಬಾ ಎತ್ತರ ಹಾರುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಎತ್ತರದಲ್ಲಿ ಅಂಥ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಅವರು ಕೈಗಳನ್ನು ಎದೆಗೆ ಬೇಗ ಎಳೆದುಕೊಳ್ಳುತ್ತಾರೆ, ಮೈಯನ್ನು ಕಡ್ಡಿಯ ಹಾಗೆ ಸಣ್ಣಗೆ ಮಾಡಿಕೊಳ್ಳುತ್ತಾರೆ. ಮೈ ಎಷ್ಟು ಸಣ್ಣಗೆ ಕೂಡಿಕೊಂಡಿರುತ್ತದೋ ಅಷ್ಟು ಜೋರಾಗಿ ತಿರುಗುತ್ತದೆ.

ಈ ಆಟದ ಕಷ್ಟ ಶುರುವಾಗುವುದೇ ಇಲ್ಲಿಂದ. ತಿರುಗಲು ಚಿಕ್ಕ ಮೈ ಅನುಕೂಲ. ಸೊಂಟ ಅಗಲವಾಗದ, ತೂಕ ಏರದ, ಹನ್ನೆರಡು ಹದಿಮೂರು ವರ್ಷದ ಹುಡುಗಿಯ ಮೈ ಬುಗುರಿಯ ಹಾಗೆ ತಿರುಗುತ್ತದೆ. ಆದರೆ ಇಳಿಯಲು ಬೇಕಾದದ್ದು ಗಟ್ಟಿಯಾದ ಮೈ. ಬಲಿತ ಮೂಳೆ, ಬಲವಾದ ತೊಡೆ, ಹದಕ್ಕೆ ಬಂದ ಬೆನ್ನು ಬೇಕು. ಮೊದಲನೆಯದು ಸಿಗುವ ವಯಸ್ಸಿನಲ್ಲಿ ಎರಡನೆಯದು ಇರುವುದಿಲ್ಲ. ಈ ಆಟದ ದೊಡ್ಡ ಹೆಸರುಗಳ ಕಥೆಯನ್ನೆಲ್ಲ ನಾನು ಈ ಒಂದು ಗಂಟಿನಿಂದಲೇ ಬಿಡಿಸಿ ನೋಡುತ್ತೇನೆ.

ಇಳಿಯುವಾಗ ಆಗುವುದೇನು? ಹೆಚ್ಚಿನ ಸ್ಕೇಟರ್‌ಗಳು ಎಡಕ್ಕೆ ತಿರುಗುತ್ತಾರೆ. ಅವರು ಯಾವ ಜಿಗಿತ ಹಾಕಿದರೂ ಕೊನೆಗೆ ಬಲಗಾಲಿನ ಮೇಲೆ, ಹಿಮ್ಮುಖವಾಗಿ, ಬ್ಲೇಡಿನ ಹೊರ ಅಂಚಿನ ಮೇಲೆ ಇಳಿಯಬೇಕು. ಎರಡು ಕಾಲಲ್ಲ, ಒಂದೇ ಕಾಲು. ಯಾವಾಗಲೂ ಅದೇ ಕಾಲು. ಆ ಕ್ಷಣದಲ್ಲಿ ಆ ಕಾಲಿನ ಮೇಲೆ ಬೀಳುವ ಭಾರ ಮೈತೂಕದ ಐದರಿಂದ ಎಂಟು ಪಟ್ಟು. 45 ಕೆಜಿಯ ಹುಡುಗಿ ಎಂದಿಟ್ಟುಕೊಳ್ಳಿ. 25 ಕೆಜಿಯ ಹತ್ತು ಅಕ್ಕಿಮೂಟೆ ಒಟ್ಟಿಗೇ ಒಂದು ಕಾಲಿನ ಮೇಲೆ ಬಿದ್ದ ಹಾಗೆ. ಸ್ಪರ್ಧೆಯಲ್ಲಿ ನಮಗೆ ಕಾಣುವುದು ಹತ್ತು ಹನ್ನೆರಡು ಇಳಿತ ಮಾತ್ರ. ಅಭ್ಯಾಸದಲ್ಲಿ ದಿನಕ್ಕೆ ಐವತ್ತು ದಾಟುವುದು ಮಾಮೂಲು.

ಬೂಟಿನ ವಿಷಯವನ್ನೂ ಹೇಳಬೇಕು. ಬರಿಗಾಲಿನಲ್ಲಿ ಮೆಟ್ಟಿಲಿನಿಂದ ಹಾರಿ ನೋಡಿ. ಮೊದಲು ಬೆರಳು, ಆಮೇಲೆ ಹಿಮ್ಮಡಿ, ಆಮೇಲೆ ಮಂಡಿ ಮಡಚುತ್ತದೆ. ಪೆಟ್ಟು ಹಂಚಿಹೋಗುತ್ತದೆ. ಸ್ಕೇಟರ್ ಹಾಕುವ ಬೂಟು ಮರದ ಹಾಗೆ ಗಟ್ಟಿ. ಪಾದದ ಗಂಟು ಉಳುಕದಿರಲಿ ಎಂದು ಹಾಗೆ ಮಾಡಿರುತ್ತಾರೆ. ಆದರೆ ಪಾದದ ಗಂಟು ಆಡದಿದ್ದರೆ ಪೆಟ್ಟು ನೇರ ಮೇಲಕ್ಕೆ ಹೋಗುತ್ತದೆ: ಮಂಡಿಗೆ, ತೊಡೆಮೂಳೆ ಕೂರುವ ಸೊಂಟದ ಕೀಲಿಗೆ, ಕೆಳಬೆನ್ನಿಗೆ. ಭರತನಾಟ್ಯ ಕಲಿಯುವ ಮಕ್ಕಳಿಗೂ ಗಟ್ಟಿ ನೆಲದ ಮೇಲೆ ತಟ್ಟಡವು ಮಾಡಿ ಮಾಡಿ ಮೊಣಗಾಲಿನ ಕೆಳಗೆ ನೋವು ಬರುತ್ತದೆ. ಆದರೆ ಅವರ ಪಾದ ಬರಿಪಾದ, ಅದು ತನ್ನ ಪಾಲಿನ ಕೆಲಸ ಮಾಡುತ್ತದೆ. ಸ್ಕೇಟರ್‌ಗೆ ಆ ಅನುಕೂಲವೂ ಇಲ್ಲ.

ಬೆನ್ನಿಗೆ ಇನ್ನೊಂದು ಕಾಟ ಇದೆ. ಒಂದು ಕಾಲನ್ನು ಹಿಂದಿನಿಂದ ತಲೆಯ ಮೇಲಕ್ಕೆ ಎಳೆದು ಹಿಡಿದು ಸುತ್ತುವ ಭಂಗಿಯನ್ನು ನೀವು ನೋಡಿರುತ್ತೀರಿ. 1981ರ ವಿಶ್ವ ಚಾಂಪಿಯನ್, ಸ್ವಿಟ್ಜರ್ಲೆಂಡಿನ ಡೆನಿಸ್ ಬೀಲ್ಮನ್ ಅವರ ಹೆಸರು ಅದಕ್ಕೆ. ಕಣ್ಣಿಗೆ ಹಬ್ಬ. ಆದರೆ ಬೆಳೆಯುವ ವಯಸ್ಸಿನಲ್ಲಿ ಬೆನ್ನನ್ನು ಹಾಗೆ ಹಿಂದಕ್ಕೆ ಮಡಚುವುದು, ಅದರ ಜೊತೆಗೆ ದಿನಾ ಜಿಗಿದು ಇಳಿಯುವುದು, ಎರಡೂ ಸೇರಿದರೆ ಬೆನ್ನುಮೂಳೆಯ ಹಿಂಭಾಗದ ಸಣ್ಣ ಸೇತುವೆಯಂಥ ಭಾಗದಲ್ಲಿ ಬಿರುಕು ಬಿಡಬಹುದು. ಜಿಗಿಯುವ, ಬಾಗುವ ಮಕ್ಕಳಿಗೆ ಹಿಂದಕ್ಕೆ ಬಾಗಿದಾಗ ಬೆನ್ನು ನೋವು ಜಾಸ್ತಿ ಆಗುತ್ತಿದ್ದರೆ, ಎರಡು ಮೂರು ವಾರವಾದರೂ ಹೋಗದಿದ್ದರೆ, ಸುಮ್ನೆ ಮುಲಾಮು ಹಚ್ಚಿ ಕಳಿಸಬೇಡಿ. ದಯವಿಟ್ಟು ತೋರಿಸಿ.

ಈಗ ಅಂಕದ ವಿಷಯ. ಮಕ್ಕಳ ಮೈ ಮೇಲೆ ಎಷ್ಟು ಭಾರ ಬೀಳಬೇಕು ಎಂಬುದನ್ನು ಅರ್ಧ ತೀರ್ಮಾನ ಮಾಡುವುದು ಅಂಕದ ಪಟ್ಟಿ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಜೋಡಿ ವಿಭಾಗದ ತೀರ್ಪಿನ ಹಗರಣ ಆಯಿತು. ಕೊನೆಗೆ ರಷ್ಯಾದ ಜೋಡಿಗೂ ಕೆನಡಾದ ಜೋಡಿಗೂ ಚಿನ್ನ ಕೊಡಬೇಕಾಯಿತು. ಆಮೇಲೆ 6.0 ಅಂಕದ ಹಳೆಯ ಪದ್ಧತಿ ಹೋಗಿ, ಒಂದೊಂದು ಜಿಗಿತಕ್ಕೂ ಇಷ್ಟು ಎಂದು ಮೊದಲೇ ಬೆಲೆ ಕಟ್ಟುವ ಪದ್ಧತಿ ಬಂತು. ನ್ಯಾಯ ಜಾಸ್ತಿ ಆಯಿತು, ನಿಜ. ಜೊತೆಗೆ ಕಷ್ಟದ ಜಿಗಿತಕ್ಕೆ ಓಟವೂ ಶುರುವಾಯಿತು.

ಒಂದೇ ಉದಾಹರಣೆ ಕೊಡುತ್ತೇನೆ. 2018ರ ವರೆಗೆ ನಾಲ್ಕು ಸುತ್ತಿನ ಲಟ್ಜ್‌ಗೆ 13.6 ಅಂಕ ಇತ್ತು. ನಾಲ್ಕೂ ಸುತ್ತು ಮುಗಿಸಿ ಬಿದ್ದರೆ ಗುಣಮಟ್ಟಕ್ಕೆ 4, ಬಿದ್ದದ್ದಕ್ಕೆ 1 ಕಳೆದು 8.6 ಉಳಿಯುತ್ತಿತ್ತು. ಮೂರು ಸುತ್ತಿನ ಲಟ್ಜ್ ಅನ್ನು ಯಾರೂ ಬೆರಳು ತೋರಿಸದ ಹಾಗೆ ಮಾಡಿದರೆ 8.1. ಅಂದರೆ ಚೆಂದವಾಗಿ ಇಳಿದವರಿಗಿಂತ ಬಿದ್ದವರಿಗೇ ಜಾಸ್ತಿ! 2018-19ರಿಂದ ಇದನ್ನು ತಿದ್ದಿದರು. ನಾಲ್ಕು ಸುತ್ತಿನದಕ್ಕೆ 11.5 ಆಯಿತು, ಬಿದ್ದರೆ ಉಳಿಯುವುದು 4.75. ಮೂರು ಸುತ್ತಿನದನ್ನು ಅತ್ಯುತ್ತಮವಾಗಿ ಮಾಡಿದರೆ 8.85ರ ವರೆಗೆ ಸಿಗುತ್ತದೆ. ನನ್ನಂಥ ಕೆಲಸ ಮಾಡುವವರ ಮಟ್ಟಿಗೆ ಇದು ಬರೀ ಅಂಕಗಣಿತ ಅಲ್ಲ. ಕೋಚ್ ಬೆಳಿಗ್ಗೆ ಐದಕ್ಕೆ ಮಗುವಿನ ಕೈಲಿ ಏನು ಮಾಡಿಸುತ್ತಾರೆ ಎಂಬುದು ಈ ಪಟ್ಟಿಯಿಂದ ಬರುತ್ತದೆ.

ಹುಡುಗಿಯರ ವಿಭಾಗದಲ್ಲಿ ಈ ಓಟ ಎಲ್ಲಿಗೆ ಹೋಯಿತು ಎಂಬುದನ್ನು ನೆನೆದರೆ ಹೊಟ್ಟೆ ಚುರುಕ್ ಎನ್ನುತ್ತದೆ. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ತಾರಾ ಲಿಪಿನ್ಸ್ಕಿ ಹದಿನೈದಕ್ಕೆ ಚಿನ್ನ ಗೆದ್ದರು. ಹದಿನೆಂಟಕ್ಕೆ ಸೊಂಟದ ಕೀಲಿನ ಸರ್ಜರಿ ಆಯಿತು. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ರಷ್ಯಾದ ಯೂಲಿಯಾ ಲಿಪ್ನಿಟ್ಸ್ಕಾಯಾ ಹದಿನೈದಕ್ಕೆ ತಂಡದ ಚಿನ್ನ ಗೆದ್ದರು. ಅನೊರೆಕ್ಸಿಯಾಗೆ, ಅಂದರೆ ಊಟವನ್ನೇ ದೂರ ಮಾಡುವ ಕಾಯಿಲೆಗೆ, ಚಿಕಿತ್ಸೆ ಪಡೆದು 2017ರಲ್ಲಿ ಆಟವನ್ನೇ ಬಿಟ್ಟರು. ಮೈ ಸಣ್ಣಗಿದ್ದರೆ ತಿರುಗುವುದು ಸುಲಭ ಎಂದೆನಲ್ಲ, ಆ ಲೆಕ್ಕ ಬಂದು ಮುಟ್ಟುವುದು ಊಟದ ತಟ್ಟೆಗೆ. ತಿನ್ನುವುದು ಕಡಿಮೆ ಆದರೆ ಮೊದಲು ಮುಟ್ಟು ತಪ್ಪುತ್ತದೆ. ಆಮೇಲೆ ಮೂಳೆ ಸೊರಗುತ್ತದೆ. ಆ ಸೊರಗಿದ ಮೂಳೆಯ ಮೇಲೆ ಹತ್ತು ಅಕ್ಕಿಮೂಟೆ. ಮುಟ್ಟು ನಿಂತರೆ "ತರಬೇತಿ ಜೋರಾಗಿದೆ, ಅದಕ್ಕೆ" ಎಂದು ಹೇಳುವ ತಾಯಂದಿರನ್ನು ನಾನು ಇಲ್ಲಿಯೂ ನೋಡಿದ್ದೇನೆ. ಅದು ಮೈ ಕೊಡುವ ಎಚ್ಚರಿಕೆ. ಹೆಮ್ಮೆ ಪಡುವ ವಿಷಯ ಅಲ್ಲ.

2022ರ ಬೀಜಿಂಗ್ ಎಲ್ಲರಿಗೂ ನೆನಪಿರಬೇಕು. ರಷ್ಯಾದ ಹದಿನೈದರ ಕಮಿಲಾ ವಲಿಯೇವಾ ಒಲಿಂಪಿಕ್ಸ್‌ನಲ್ಲಿ ನಾಲ್ಕು ಸುತ್ತು ಹಾಕಿ ಇಳಿದ ಮೊದಲ ಮಹಿಳೆ. ಅದರ ಬೆನ್ನಿಗೇ, ಹಿಂದಿನ ಡಿಸೆಂಬರ್‌ನಲ್ಲಿ ಕೊಟ್ಟ ಸ್ಯಾಂಪಲ್‌ನಲ್ಲಿ ಹೃದಯದ ಔಷಧ ಟ್ರೈಮೆಟಾಜಿಡಿನ್ ಸಿಕ್ಕಿತು ಎಂಬ ಸುದ್ದಿ ಬಂತು. ಅಂತಿಮ ಸುತ್ತಿನಲ್ಲಿ ಬಿದ್ದು ಎದ್ದು ನಾಲ್ಕನೆಯವರಾದರು. 2024ರ ಜನವರಿಯಲ್ಲಿ ಕ್ರೀಡಾ ನ್ಯಾಯಮಂಡಳಿ ನಾಲ್ಕು ವರ್ಷ ನಿಷೇಧ ಹಾಕಿತು. ಬೀಜಿಂಗ್‌ನ ಆ ರಾತ್ರಿ ಅವರು ಅಳುತ್ತಾ ಐಸ್‌ನಿಂದ ಹೊರಬಂದದ್ದನ್ನು ನೋಡುವಾಗ ನನಗೆ ಪದಕದ ನೆನಪೇ ಬರಲಿಲ್ಲ. ನಮ್ಮಲ್ಲಿ ಆ ವಯಸ್ಸಿನವರು ಎಸ್‌ಎಸ್‌ಎಲ್‌ಸಿ ಬರೆಯುತ್ತಿರುತ್ತಾರೆ, ಅಲ್ವಾ?

ಬೀಜಿಂಗ್ ಆದ ವರ್ಷವೇ, 2022ರ ಜೂನ್‌ನಲ್ಲಿ, ಥಾಯ್ಲೆಂಡಿನ ಫುಕೆಟ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ, ಸೀನಿಯರ್ ಸ್ಪರ್ಧೆಗೆ ಕನಿಷ್ಠ ವಯಸ್ಸನ್ನು ಹದಿನೈದರಿಂದ ಹದಿನೇಳಕ್ಕೆ ಏರಿಸಿತು. 2023-24ಕ್ಕೆ ಹದಿನಾರು, 2024-25ರಿಂದ ಹದಿನೇಳು. ಈ ನಿಯಮವನ್ನು ನಾನು ಪೂರ್ತಿಯಾಗಿ ಬೆಂಬಲಿಸುತ್ತೇನೆ. ಆದರೆ ಇದೊಂದೇ ಸಾಲದು. ಜೂನಿಯರ್ ಸ್ಪರ್ಧೆಗೆ ಹದಿಮೂರರಲ್ಲೇ ಬರಬಹುದು. ಮಗುವಿನ ಬೆನ್ನಿಗೆ ತಾನು ಇಳಿಯುತ್ತಿರುವುದು ಜೂನಿಯರ್ ಐಸ್‌ನ ಮೇಲೋ ಸೀನಿಯರ್ ಐಸ್‌ನ ಮೇಲೋ ಗೊತ್ತಾಗುವುದಿಲ್ಲ.

ಹಾಗಾದರೆ ಬೆಳೆದವರು ಈ ಆಟ ಆಡಲಾಗದೇ? ಜಪಾನಿನ ಕವೋರಿ ಸಕಮೋಟೊ ಅವರನ್ನು ನೋಡಿ. 2022, 2023, 2024, ಸತತ ಮೂರು ವಿಶ್ವ ಕಿರೀಟ. ಅವರ ಬತ್ತಳಿಕೆಯಲ್ಲಿ ಕ್ವಾಡ್ ಇಲ್ಲ, ಮೂರೂವರೆ ಸುತ್ತಿನ ಆಕ್ಸೆಲ್ ಕೂಡ ಇಲ್ಲ. ಇರುವುದು ವೇಗ, ದೊಡ್ಡ ಜಿಗಿತ, ಮತ್ತು ನಾನು ಮೊದಲಿಗೆ ಹೇಳಿದ ಆ ರೇಷ್ಮೆಯ ಸದ್ದು. ಇಳಿಯುವಾಗ ಅವರ ಮಂಡಿ ಆಳಕ್ಕೆ ಮಡಚುತ್ತದೆ. ಪೆಟ್ಟು ಜಾರುವ ವೇಗವಾಗಿ ಮುಂದೆ ಹರಿದುಹೋಗುತ್ತದೆ. ನನ್ನ ಹತ್ತಿರ ಬರುವ ಮಕ್ಕಳಿಗೆ ನಾನು ತೋರಿಸುವುದು ಇವರ ವಿಡಿಯೋವನ್ನೇ, ಅದೂ ನಿಧಾನಗತಿಯಲ್ಲಿ.

ಅಮೆರಿಕದ ಅಲಿಸಾ ಲಿಯು ಹದಿಮೂರಕ್ಕೆ ದೇಶದ ಚಾಂಪಿಯನ್ ಆದವರು. ಹದಿನಾರಕ್ಕೆ ಸಾಕು ಎಂದು ನಿಲ್ಲಿಸಿದರು. ಎರಡು ವರ್ಷ ಐಸ್‌ನಿಂದ ದೂರ ಇದ್ದು, ತಮಗೇ ಬೇಕೆನಿಸಿದಾಗ ಮರಳಿ ಬಂದು, 2025ರಲ್ಲಿ ಬಾಸ್ಟನ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಜೋಡಿ ವಿಭಾಗದ ಡಿಯಾನಾ ಸ್ಟೆಲಾಟೊ-ಡೂಡೆಕ್ ಅವರ ಕಥೆ ನನಗೆ ಇನ್ನೂ ಹತ್ತಿರ. ಸೊಂಟದ ಗಾಯಗಳಿಂದ ಹದಿಹರೆಯದಲ್ಲೇ ಆಟ ಬಿಟ್ಟವರು. ಹದಿನೈದು ವರ್ಷ ಆದ ಮೇಲೆ ವಾಪಸ್ ಬಂದರು. 2024ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಮ್ಯಾಕ್ಸಿಮ್ ಡೆಶಾಂ ಜೊತೆ ಕೆನಡಾ ಪರವಾಗಿ ವಿಶ್ವ ಚಿನ್ನ ಗೆದ್ದರು. ಆ ದಿನ ನಾನು ನಿಜಕ್ಕೂ ಕುಣಿದಾಡಿದ್ದೆ.

ಗಾಯದ ಮೇಲೆ ಆಡಿ ಗೆದ್ದವರೂ ಇದ್ದಾರೆ. 2017ರ ನವೆಂಬರ್‌ನಲ್ಲಿ ಜಪಾನಿನ ಯುಜುರು ಹನ್ಯು ಅವರಿಗೆ ಅಭ್ಯಾಸದಲ್ಲಿ ನಾಲ್ಕು ಸುತ್ತಿನ ಲಟ್ಜ್ ಹಾಕುವಾಗ ಬಲಗಾಲಿನ ಪಾದದ ಗಂಟಿನ ಲಿಗಮೆಂಟ್‌ಗೆ ಏಟಾಯಿತು. ಇಳಿಯುವ ಕಾಲೇ ಅದು. ಮೂರು ತಿಂಗಳಲ್ಲಿ ಪ್ಯೋಂಗ್‌ಚಾಂಗ್‌ನಲ್ಲಿ ತಮ್ಮ ಎರಡನೇ ಒಲಿಂಪಿಕ್ ಚಿನ್ನ ಗೆದ್ದರು. ಅಂಥ ಕಲಾವಿದ ನೂರು ವರ್ಷಕ್ಕೊಬ್ಬರು. ಆದರೆ ಅವರು ಆಗ 23 ವರ್ಷದವರು, ತಮ್ಮ ಮೈಯ ಬಗ್ಗೆ ತಾವೇ ತೀರ್ಮಾನ ಮಾಡಬಲ್ಲವರು. ಆ ಕಥೆಯನ್ನು ಮಕ್ಕಳಿಗೆ ಸ್ಫೂರ್ತಿಯ ಕಥೆ ಎಂದು ಹೇಳಬೇಡಿ ಎಂದು ಕೋಚ್‌ಗಳನ್ನು ಕೇಳಿಕೊಳ್ಳುತ್ತೇನೆ.

ಆ ಹುಡುಗಿಯ ಸ್ಕ್ಯಾನ್‌ನಲ್ಲಿ ಬಿರುಕು ಬಿಡುವ ಮೊದಲಿನ ಹಂತ ಕಂಡಿತು. ಸಮಯಕ್ಕೆ ಬಂದಿದ್ದರು. ಹನ್ನೆರಡು ವಾರ ಜಿಗಿತ ಇಲ್ಲ, ಹಿಂದಕ್ಕೆ ಬಾಗುವುದಿಲ್ಲ. ಹೊಟ್ಟೆ ಮತ್ತು ತೊಡೆಗೆ ಬಲ ತರುವ ವ್ಯಾಯಾಮ. ಊಟದಲ್ಲಿ ಮೊಟ್ಟೆ, ಹಾಲು, ರಾಗಿ ಮುದ್ದೆ ಜಾಸ್ತಿ. ಅವಳು ಅತ್ತಳು. ಆಮೇಲೆ ನಾನು ಒಂದು ನೋಟ್‌ಬುಕ್ ಕೊಟ್ಟೆ. ಮತ್ತೆ ಜಿಗಿಯಲು ಶುರುಮಾಡಿದ ಮೇಲೆ ದಿನಾ ಎಷ್ಟು ಸಲ ಇಳಿದೆ ಎಂದು ಬರೆದಿಡಬೇಕು, ಇಷ್ಟಕ್ಕಿಂತ ಜಾಸ್ತಿ ಆಗಬಾರದು ಎಂದು ಕೋಚ್ ಜೊತೆಗೂ ಮಾತಾಡಿದೆ. ಅವರು ಒಪ್ಪಿದರು.

ಹೋದ ವಾರ ಬಂದಿದ್ದಳು. ನೋವಿಲ್ಲ. ಪುಸ್ತಕದಲ್ಲಿ ಹಿಂದಿನ ದಿನದ ಎದುರಿಗೆ 18 ಎಂದು ಬರೆದಿದ್ದಳು. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಇನ್ನೊಂದು ಸಾಲು ಸೇರಿಸಿದ್ದಳು: "ಅದರಲ್ಲಿ ಟಕ್ ಎಂದು ಸದ್ದು ಬಂದದ್ದು 4."