ಮಣ್ಣಿನ ಇಂಗಾಲ ಅಳೆಯೋಕೆ ಚಾಲಕನಿಲ್ಲದ ಗಾಡಿ ಯಾಕೆ ಬೇಕಾಯ್ತು?

ಒಂದು ಹೆಕ್ಟೇರ್ ಹೊಲದ ಮೇಲಿನ 30 ಸೆಂಟಿಮೀಟರ್ ಮಣ್ಣನ್ನು ತೂಗಿದರೆ ಹೆಚ್ಚುಕಡಿಮೆ 3,900 ಟನ್ ಬರುತ್ತದೆ. ಅದರಲ್ಲಿ ಸಾವಯವ ಇಂಗಾಲ, ಅಂದರೆ ಕೊಳೆತ ಗಿಡ, ಬೇರುಗಳಿಂದ ಬಂದ ಇಂಗಾಲ, ಶೇ 1ರಷ್ಟಿದೆ ಅಂದುಕೊಳ್ಳಿ. ಅಂದರೆ 39 ಟನ್. ರೈತರು ಉಳುಮೆ ಕಡಿಮೆ ಮಾಡಿ, ಹಸಿರೆಲೆ ಗೊಬ್ಬರ ಹಾಕಿ, ವರ್ಷಕ್ಕೆ 0.4 ಟನ್ ಇಂಗಾಲ ಜಾಸ್ತಿ ಮಾಡಿದರು ಅನ್ನಿ. ಅದು ಒಳ್ಳೆಯ ಸಾಧನೆಯೇ. ಆದರೆ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಶೇ 1.00 ಇದ್ದದ್ದು ಶೇ 1.01 ಆಗುತ್ತದೆ, ಅಷ್ಟೇ. ಅದೇ ಹೊಲದಲ್ಲಿ ಹತ್ತು ಹೆಜ್ಜೆ ಆಚೆ ಹೋಗಿ ಮಣ್ಣು ತೆಗೆದರೆ ಇದಕ್ಕಿಂತ ಎಷ್ಟೋ ದೊಡ್ಡ ವ್ಯತ್ಯಾಸ ಸಿಗಬಹುದು. ಇಡೀ ಸಮಸ್ಯೆ ಇರುವುದು ಇಲ್ಲೇ.

ಇಂಗಾಲ ಅಳೆಯುವ ವಿದ್ಯೆ ಹೊಸದಲ್ಲ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಶುರುವಾದ ಬೆಳೆ ಪ್ರಯೋಗಗಳು ಇಂದಿಗೂ ನಡೆಯುತ್ತಿವೆ. ಹಳೆಯ ಮಣ್ಣಿನ ಮಾದರಿಗಳನ್ನು ಅಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ವಾಕ್ಲಿ ಮತ್ತು ಬ್ಲ್ಯಾಕ್ ಎಂಬ ಇಬ್ಬರು ತಮ್ಮ ವಿಧಾನ ಪ್ರಕಟಿಸಿದ್ದು 1934ರಲ್ಲಿ. ಮಣ್ಣಿಗೆ ಡೈಕ್ರೋಮೇಟ್ ಎಂಬ ರಾಸಾಯನಿಕ ಮತ್ತು ಗಂಧಕಾಮ್ಲ ಹಾಕಿದರೆ ಬಿಸಿಯೇರಿ ಇಂಗಾಲ ಉತ್ಕರ್ಷಣಗೊಂಡು ಅನಿಲವಾಗುತ್ತದೆ. ಎಷ್ಟು ಡೈಕ್ರೋಮೇಟ್ ಖರ್ಚಾಯಿತು ಎಂಬುದರಿಂದ ಇಂಗಾಲದ ಲೆಕ್ಕ. ಎಲ್ಲ ಇಂಗಾಲವೂ ಇದಕ್ಕೆ ಸಿಗುವುದಿಲ್ಲ. ಸುಮಾರು ಮುಕ್ಕಾಲು ಪಾಲು ಮಾತ್ರ ಸಿಗುತ್ತದೆ ಎಂದು ಹಿಡಿದು, ಬಂದ ಅಂಕಿಯನ್ನು 1.3ರಿಂದ ಗುಣಿಸುತ್ತಾರೆ. ಗೊಬ್ಬರದ ಸಲಹೆ ಕೊಡಲು ಇಷ್ಟು ಸಾಕಿತ್ತು. ಮುಂದೆ ಮಣ್ಣನ್ನು 900 ಡಿಗ್ರಿಗೂ ಮೀರಿ ಸುಟ್ಟು, ಹೊರಬಂದ ಅನಿಲವನ್ನು ಅಳೆಯುವ ಯಂತ್ರಗಳು ಬಂದವು. ಲ್ಯಾಬಿನ ಕೆಲಸ ಅಲ್ಲಿಗೆ ಬಹಳ ಮಟ್ಟಿಗೆ ಸುಧಾರಿಸಿತು.

ಹೊಲದ ಕೆಲಸ ಮಾತ್ರ ಹಾಗೇ ಉಳಿಯಿತು. ಅಂಕುಡೊಂಕಾಗಿ ನಡೆಯುತ್ತಾ ಅಲ್ಲಲ್ಲಿ ಮಣ್ಣು ತೆಗೆದು, ಬಕೆಟ್‌ನಲ್ಲಿ ಕಲಸಿ, ಒಂದು ಚೀಲ ಕಳಿಸಿಬಿಡುವುದು. ಸಾರಜನಕ, ರಂಜಕ ನೋಡೋಕೆ ಪರವಾಗಿಲ್ಲ. ಆದರೆ ಇಂಗಾಲವೇ ಮಾರಾಟದ ಸರಕಾದಾಗ?

ಹಾಗೆ ಆಗಿಯೂ ಹೋಯಿತು. 2003ರಲ್ಲಿ ಅಮೆರಿಕದಲ್ಲಿ ಶುರುವಾದ ಇಂಗಾಲದ ಮಾರುಕಟ್ಟೆ ಷಿಕಾಗೊ ಕ್ಲೈಮೇಟ್ ಎಕ್ಸ್‌ಚೇಂಜ್, ಉಳುಮೆ ಬಿಟ್ಟ ರೈತರಿಗೆ ಎಕರೆ ಲೆಕ್ಕದಲ್ಲಿ ಇಂಗಾಲದ ಕ್ರೆಡಿಟ್ ಕೊಟ್ಟಿತು. ಕ್ರೆಡಿಟ್ ಅಂದರೆ ಇಂಗಾಲವನ್ನು ಮಣ್ಣಲ್ಲಿ ಹಿಡಿದಿಟ್ಟಿದ್ದಕ್ಕೆ ಸಿಗುವ, ಹೊಗೆ ಉಗುಳುವ ಕಂಪನಿಗಳಿಗೆ ಮಾರಬಹುದಾದ ಪತ್ರ. ಪ್ರತಿ ಹೊಲದ ಮಣ್ಣನ್ನು ಅಳೆದು ಕೊಟ್ಟದ್ದಲ್ಲ, ಒಂದು ಪ್ರದೇಶಕ್ಕೆಲ್ಲ ಒಂದೇ ದರ. ಅಷ್ಟರಲ್ಲಿ, 2007ರಲ್ಲಿ, ಕೆಲವು ವಿಜ್ಞಾನಿಗಳು ಹಳೆಯ ಅಧ್ಯಯನಗಳನ್ನೆಲ್ಲ ಮತ್ತೆ ತೆಗೆದು ನೋಡಿದರು. ಉಳುಮೆ ಬಿಟ್ಟರೆ ಇಂಗಾಲ ಏರುತ್ತದೆ ಎಂದ ಬಹುತೇಕ ಅಧ್ಯಯನಗಳು 30 ಸೆಂಟಿಮೀಟರ್ ಒಳಗೇ ನಿಂತಿದ್ದವು. ಇನ್ನೂ ಆಳಕ್ಕೆ ಹೋದ ಕಡೆ ಆ ಲಾಭ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಉತ್ತ ಹೊಲದಲ್ಲಿ ಕೂಳೆ, ಬೇರು ಕೆಳಕ್ಕೆ ಹೋಗಿ ಸೇರುತ್ತವೆ. ಉಳದ ಹೊಲದಲ್ಲಿ ಮೇಲೇ ಉಳಿಯುತ್ತವೆ. ಮೇಲ್ಮಣ್ಣನ್ನಷ್ಟೇ ನೋಡಿದರೆ ಉಳದ ಹೊಲವೇ ಗೆಲ್ಲುತ್ತದೆ ಅಲ್ವಾ? ಷಿಕಾಗೊದ ಆ ವ್ಯವಹಾರ 2010ರಲ್ಲಿ ನಿಂತಿತು. ಅಮೆರಿಕದಲ್ಲಿ ಹವಾಮಾನ ಕಾನೂನು ಪಾಸಾಗದೆ ಕ್ರೆಡಿಟ್ಟಿನ ಬೆಲೆ ನೆಲಕಚ್ಚಿದ್ದೇ ಅದಕ್ಕೆ ಮುಖ್ಯ ಕಾರಣ. ಆದರೂ ಅಳೆಯದೆ ಮಾರಿದ್ದರ ಅನುಮಾನ ಮಾತ್ರ ಹೋಗಲಿಲ್ಲ.

ಆಸ್ಟ್ರೇಲಿಯಾ 2011ರಲ್ಲಿ ಇಂಥ ಕ್ರೆಡಿಟ್‌ಗಳಿಗೆ ಕಾನೂನು ತಂದಾಗ ದಾರಿ ಬದಲಾಯಿತು. ಅದರಡಿ ಬಂದ ಅಳತೆಯ ವಿಧಾನದಲ್ಲಿ ಮಣ್ಣನ್ನು ತೆಗೆದು ಅಳೆಯಬೇಕು, ಎಲ್ಲಿ ತೆಗೆಯಬೇಕೆಂಬುದನ್ನು ಚೀಟಿ ಎತ್ತಿದ ಹಾಗೆ ಆರಿಸಬೇಕು. 2015ರ ಪ್ಯಾರಿಸ್ ಹವಾಮಾನ ಸಮ್ಮೇಳನದಲ್ಲಿ ಫ್ರಾನ್ಸ್, ಮಣ್ಣಿನ ಇಂಗಾಲವನ್ನು ವರ್ಷಕ್ಕೆ ಸಾವಿರಕ್ಕೆ ನಾಲ್ಕರಷ್ಟು ಏರಿಸುವ ಗುರಿಯನ್ನು ಮುಂದಿಟ್ಟಿತು. ನಮ್ಮ 39 ಟನ್ ಹೊಲದಲ್ಲಿ ಅದು 156 ಕಿಲೋ. ಕೇಳೋಕೆ ಚೆನ್ನಾಗಿದೆ, ಆದರೆ 3,900 ಟನ್ ಮಣ್ಣಿನಲ್ಲಿ 156 ಕಿಲೋ ಹುಡುಕಿ ತೋರಿಸುವವರು ಯಾರು?

ಚಾಲಕನಿಲ್ಲದ ಗಾಡಿ ಕಥೆಗೆ ಬರುವುದು ಈ ಘಟ್ಟದಲ್ಲಿ. ಅದು ಹುಟ್ಟಿದ್ದು ಇಂಗಾಲಕ್ಕಾಗಿ ಅಲ್ಲ. 2000ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಸಂಕೇತವನ್ನು ಬೇಕಂತಲೇ ಕೆಡಿಸುವುದನ್ನು ನಿಲ್ಲಿಸಿತು. ಅದರ ಜೊತೆಗೆ ಹೊಲದ ಹತ್ತಿರ, ಜಿಪಿಎಸ್‌ನ ತಪ್ಪನ್ನು ತಿದ್ದಿಕೊಡುವ ಒಂದು ಆಸರೆ ಕೇಂದ್ರ ಇಟ್ಟುಕೊಂಡರೆ ಸೆಂಟಿಮೀಟರ್‌ವರೆಗೂ ಜಾಗ ಗುರುತಿಸಬಹುದು. ದೊಡ್ಡ ಹಿಡುವಳಿಗಳಲ್ಲಿ ಗೊಬ್ಬರವನ್ನು ಜಾಗ ನೋಡಿ ಹಾಕುವ ಪದ್ಧತಿ ಬೆಳೆದಿದ್ದೇ ಹೀಗೆ. ಅದಕ್ಕೆ ರಾಶಿ ಮಣ್ಣಿನ ಮಾದರಿ ಬೇಕಿತ್ತು. ಅದನ್ನು ತೆಗೆಯೋಕೆ ಅಮೆರಿಕದ ರೋಗೋದಂಥ ಕಂಪನಿಗಳು ರೋಬಾಟ್ ಗಾಡಿಗಳನ್ನು ಹೊಲಕ್ಕಿಳಿಸಿದವು.

ಗಾಡಿ ಗುರುತಿನ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಕೊಳವೆ ಹೇಳಿದಷ್ಟೇ ಆಳಕ್ಕೆ ಇಳಿಯುತ್ತದೆ. ಮಣ್ಣು ಚೀಲಕ್ಕೆ ಬೀಳುತ್ತದೆ, ಚೀಲಕ್ಕೆ ಗುರುತಿನ ಸಂಖ್ಯೆ ಬೀಳುತ್ತದೆ. ಇದರಲ್ಲೇನು ವಿಶೇಷ ಅನ್ನಿಸಬಹುದು. ಬಿಸಿಲಿನಲ್ಲಿ ದಣಿದ ಮನುಷ್ಯ ಗಟ್ಟಿ ನೆಲ ಸಿಕ್ಕಿದರೆ 20 ಸೆಂಟಿಮೀಟರಿಗೇ ನಿಲ್ಲಿಸಿ 30 ಅಂತ ಬರೆದುಬಿಡಬಹುದು. ಮುಳ್ಳು, ಕೆಸರು ಇದ್ದರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯಬಹುದು. ಶೇ 0.01ರ ಬದಲಾವಣೆ ಹುಡುಕುವಾಗ ಇಂಥವೇ ಲೆಕ್ಕ ಕೆಡಿಸುತ್ತವೆ. ನನ್ನ ಪ್ರಕಾರ ಗಾಡಿಯ ದೊಡ್ಡ ಗುಣ ಬುದ್ಧಿವಂತಿಕೆ ಅಲ್ಲ, ಬೇಸರ ಇಲ್ಲದಿರುವುದು.

ಮಣ್ಣು ತೆಗೆಯದೆಯೇ ಅಳೆಯುವ ಆಸೆಯೂ ಹಳೆಯದೇ. ಬೆಳಕು ಬಿಟ್ಟು ಅದರ ಪ್ರತಿಫಲನದಿಂದ ಇಂಗಾಲ ಅಂದಾಜು ಮಾಡುವ ಪ್ರಯೋಗ 1986ರಲ್ಲೇ ಆಸ್ಟ್ರೇಲಿಯಾದಲ್ಲಿ ನಡೆದಿತ್ತು. ಒದ್ದೆ ಮಣ್ಣು ಅದನ್ನು ಗೊಂದಲಕ್ಕೆ ಕೆಡವುತ್ತದೆ. 2012ರಲ್ಲಿ ಮಂಗಳ ಗ್ರಹಕ್ಕಿಳಿದ ಕ್ಯೂರಿಯಾಸಿಟಿ ಗಾಡಿ ಬಂಡೆಗೆ ಲೇಸರ್ ಹೊಡೆದು, ಏಳುವ ಕಿಡಿಯ ಬಣ್ಣದಿಂದ ಒಳಗೇನಿದೆ ಎಂದು ಹೇಳುತ್ತದೆ. ಅದೇ ತಂತ್ರವನ್ನು ಬ್ರೆಜಿಲ್‌ನ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾ ಮಣ್ಣಿಗೂ ತಂದಿದೆ. ಅಮೆರಿಕದಲ್ಲಿ ಬ್ರೂಕ್‌ಹೇವನ್ ಪ್ರಯೋಗಾಲಯದವರು ಮಣ್ಣಿಗೆ ನ್ಯೂಟ್ರಾನ್ ಎಂಬ ಸೂಕ್ಷ್ಮ ಕಣಗಳನ್ನು ಹಾಯಿಸಿ, ಅಗೆಯದೆ ಇಂಗಾಲ ಎಣಿಸುವ ಉಪಕರಣ ಮಾಡಿದರು. ಎಣಿಕೆ ನಂಬುವಷ್ಟು ಆಗಬೇಕಾದರೆ ಅದು ಒಂದೇ ಕಡೆ ಹೊತ್ತು ಕಳೆಯಬೇಕು, ಇಲ್ಲವೇ ನಿಧಾನವಾಗಿ ಸಾಗಬೇಕು. ಇವು ಯಾವುದೂ ಲ್ಯಾಬನ್ನು ಪೂರ್ತಿ ಬಿಟ್ಟು ನಿಲ್ಲುವುದಿಲ್ಲ. ಸ್ಥಳೀಯ ಮಣ್ಣನ್ನು ಸುಟ್ಟು ಸಿಕ್ಕ ಅಂಕಿಗಳಿಗೆ ಆಗಾಗ ಹೋಲಿಸಿ ಸರಿಪಡಿಸಿಕೊಳ್ಳಬೇಕು.

ಇನ್ನೊಂದು ತೊಡಕು ಯಂತ್ರದ ಕೈಲೂ ಸುಮ್ನೆ ಬಗೆಹರಿಯುವುದಿಲ್ಲ. ಉಳುಮೆ ನಿಂತರೆ ಮಣ್ಣು ಬಿಗಿಯಾಗುತ್ತದೆ. ಹೋದ ಸಲದ 30 ಸೆಂಟಿಮೀಟರ್‌ಗಿಂತ ಈ ಸಲದ 30 ಸೆಂಟಿಮೀಟರ್‌ನಲ್ಲಿ ಮಣ್ಣೇ ಜಾಸ್ತಿ ಇರುತ್ತದೆ. ಹಾಗಾಗಿ ಇಂಗಾಲ ಏರದಿದ್ದರೂ ಏರಿದಂತೆ ಕಾಣುತ್ತದೆ. ಅದಕ್ಕೇ ಆಳಕ್ಕೆ ಬದಲು ಸಮ ತೂಕದ ಮಣ್ಣನ್ನು ಹೋಲಿಸಬೇಕು ಎನ್ನುತ್ತಾರೆ ಮಣ್ಣು ವಿಜ್ಞಾನಿಗಳು. ಗಾಡಿ ತೆಗೆದ ಪ್ರತಿ ಚೀಲದ ಒಣ ತೂಕ ಮತ್ತು ಕೊಳವೆ ಇಳಿದ ಆಳ ಎರಡೂ ದಾಖಲಾಗಿದ್ದರೆ ಈ ಲೆಕ್ಕ ಮಾಡಬಹುದು. ಕ್ರೆಡಿಟ್ ಕೊಡಿಸುತ್ತೇವೆ ಎಂದು ಬರುವವರ ಹತ್ತಿರ ರೈತರು ಮೊದಲು ಕೇಳಬೇಕಾದ ದಾಖಲೆಯೂ ಅದೇ.