ಸತ್ಯ ಗೊತ್ತಿದ್ದರೂ ಕೆಲಸ ಯಾಕೆ ಸಾಗುವುದಿಲ್ಲ?

"ಸರಿಯಾಗಿ ಯೋಚಿಸೋದು ಕಲಿತೆ. ಬದುಕು ಯಾಕೆ ಬದಲಾಗಲಿಲ್ಲ?" ಆಪ್ತಸಮಾಲೋಚನೆಗೆ ಬರುವ ಕೆಲವರು ನನಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇವರಲ್ಲಿ ಹೆಚ್ಚಿನವರು ಬೆಂಗಳೂರಿನ ಸಾಫ್ಟ್‌ವೇರ್ ಕೆಲಸದವರು. ಲೆಸ್‌ರಾಂಗ್‌ನಂಥ ಆನ್‌ಲೈನ್ ಬಳಗಗಳ ಬರಹವನ್ನು ವರ್ಷಗಟ್ಟಲೆ ಓದಿದವರು. ಸರಿಯಾಗಿ ಯೋಚಿಸುವುದು ಹೇಗೆ ಎಂದು ಚರ್ಚಿಸುವ, ತಮ್ಮನ್ನು ವಿಚಾರವಾದಿಗಳು ಎಂದು ಕರೆದುಕೊಳ್ಳುವ ಬಳಗಗಳು ಅವು. ಕನ್ಫರ್ಮೇಷನ್ ಬಯಾಸ್ (ನಮ್ಮ ನಂಬಿಕೆಗೆ ಒಪ್ಪುವ ಸಾಕ್ಷಿಯನ್ನೇ ಹುಡುಕುವ ಚಾಳಿ) ಎಂದರೇನು, ಹೊಸ ಸಾಕ್ಷಿ ಸಿಕ್ಕಾಗ ನಂಬಿಕೆಯನ್ನು ಎಷ್ಟು ಬದಲಿಸಬೇಕೆಂದು ಹೇಳುವ ಬೇಯ್ಸ್ ಸೂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಒಳ್ಳೆಯ ಮೇಷ್ಟ್ರ ಹಾಗೆ ವಿವರಿಸುತ್ತಾರೆ. ಆದರೂ ಬೇಡವೆಂದು ಗೊತ್ತಿರುವ ಕೆಲಸ ಬಿಟ್ಟಿಲ್ಲ. ಮಾಡಬೇಕಾದ ಫೋನ್ ಮಾಡಿಲ್ಲ. ಮುಂದೂಡಿದ ರಕ್ತಪರೀಕ್ಷೆ ಹಾಗೇ ಇದೆ.

ಈ ಪ್ರಶ್ನೆ ಆ ಬಳಗದೊಳಗೂ ಮೊದಲಿನಿಂದ ಇದೆ. ನಮ್ಮಲ್ಲಿ ವಿಚಾರವಾದ ಎಂದ ಕೂಡಲೇ ಎಚ್. ನರಸಿಂಹಯ್ಯನವರು, 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಅವರು ರಚಿಸಿದ ಪವಾಡ ತನಿಖಾ ಸಮಿತಿ ನೆನಪಾಗುತ್ತದೆ. ಈ ಬಳಗದ ಗಮನ ಪವಾಡಗಳ ಮೇಲಲ್ಲ, ತಮ್ಮದೇ ತಲೆಯೊಳಗೆ ನಡೆಯುವ ತಪ್ಪುಗಳ ಮೇಲೆ. ಅಮೆರಿಕದ ಅರ್ಥಶಾಸ್ತ್ರಜ್ಞ ರಾಬಿನ್ ಹ್ಯಾನ್ಸನ್ ಮತ್ತು ಕೃತಕ ಬುದ್ಧಿಮತ್ತೆಯ ಸಂಶೋಧಕ ಎಲಿಯೆಜರ್ ಯುಡ್ಕೋವ್ಸ್ಕಿ 2006ರಲ್ಲಿ ಒಂದು ಬ್ಲಾಗಿನಲ್ಲಿ ಒಟ್ಟಿಗೆ ಬರೆಯಲು ಶುರು ಮಾಡಿದರು. 2009ರಲ್ಲಿ ಲೆಸ್‌ರಾಂಗ್ ಬಂತು. ಅಲ್ಲಿ ಎರಡು ಗುರಿಗಳಿದ್ದವು. ಜಗತ್ತು ಹೇಗಿದೆಯೋ ನಮ್ಮ ನಂಬಿಕೆಯೂ ಹಾಗೇ ಇರಬೇಕು, ಇದು ಒಂದು. ನಮಗೆ ಬೇಕಾದದ್ದು ಕೈಗೂಡಬೇಕು, ಇದು ಇನ್ನೊಂದು. ಮೊದಲನೆಯದು ಇದ್ದರೆ ಎರಡನೆಯದು ತಾನಾಗಿ ಬರುತ್ತದೆ ಎಂದು ಅನ್ನಿಸುತ್ತದೆ, ಅಲ್ವಾ?

ಯುಡ್ಕೋವ್ಸ್ಕಿ ಎರಡನೆಯದನ್ನೇ ಪರೀಕ್ಷೆಯಾಗಿ ಇಟ್ಟರು. ಅದರ ಹಿಂದೆ ಇರುವುದು ಭೌತವಿಜ್ಞಾನಿ ವಿಲಿಯಂ ನ್ಯೂಕಂಬ್ ಕಟ್ಟಿದ, ತತ್ತ್ವಜ್ಞಾನಿ ರಾಬರ್ಟ್ ನೋಜಿಕ್ 1969ರಲ್ಲಿ ಪ್ರಕಟಿಸಿದ ಒಂದು ಒಗಟು. ನಿಮ್ಮ ಮುಂದೆ ಎರಡು ಪೆಟ್ಟಿಗೆ. ಒಂದರಲ್ಲಿ 1,000 ಡಾಲರ್ ಕಣ್ಣಿಗೆ ಕಾಣುತ್ತಿದೆ. ಇನ್ನೊಂದು ಮುಚ್ಚಿದೆ. ಅದರಲ್ಲಿ 10 ಲಕ್ಷ ಡಾಲರ್ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಮುಚ್ಚಿದ್ದನ್ನಷ್ಟೇ ತೆಗೆದುಕೊಳ್ಳಿ, ಇಲ್ಲವೇ ಎರಡನ್ನೂ ತೆಗೆದುಕೊಳ್ಳಿ. ಆದರೆ ಪೆಟ್ಟಿಗೆ ಇಟ್ಟವರು ಜನರ ಆಯ್ಕೆಯನ್ನು ಮೊದಲೇ ಊಹಿಸುವುದರಲ್ಲಿ ತಪ್ಪುವುದೇ ಇಲ್ಲ ಎನ್ನುವಷ್ಟು ನಿಪುಣರು. ನೀವು ಮುಚ್ಚಿದ್ದನ್ನಷ್ಟೇ ತೆಗೆಯುತ್ತೀರಿ ಎಂದು ಊಹಿಸಿದ್ದರೆ ಮಾತ್ರ ಅದರಲ್ಲಿ ಹಣ ಇಟ್ಟಿರುತ್ತಾರೆ. ಒಂದು ತರ್ಕ ಹೇಳುತ್ತದೆ: ಹಣ ಇಟ್ಟಾಗಿದೆ, ಇನ್ನು ಅದು ಬದಲಾಗುವುದಿಲ್ಲ, ಎರಡನ್ನೂ ಎತ್ತಿಕೊಂಡರೆ 1,000 ಜಾಸ್ತಿಯೇ. ಈ ತರ್ಕ ಹಿಡಿದವರು ಸಾಮಾನ್ಯವಾಗಿ ಬರೀ 1,000 ಡಾಲರ್ ಹಿಡಿದು ಮನೆಗೆ ಹೋಗುತ್ತಾರೆ. ಯುಡ್ಕೋವ್ಸ್ಕಿ ವಾದ ಇಷ್ಟು: ನಮ್ಮನ್ನು ಸೋಲಿಸುವ ತರ್ಕಕ್ಕೆ ವಿವೇಕ ಎಂದು ಹೆಸರಿಡಬಾರದು. ಸರಿಯಾಗಿ ಯೋಚಿಸುವವರು ಗೆಲ್ಲಬೇಕು.

ಹಾಗಾದರೆ ಗೆದ್ದವರು ಎಲ್ಲಿ? ಇದನ್ನು ಕೇಳಿದವರೂ ಒಳಗಿನವರೇ. ಈಗ ಮನೋವೈದ್ಯರಾಗಿರುವ ಸ್ಕಾಟ್ ಅಲೆಕ್ಸಾಂಡರ್ 2009ರಲ್ಲೇ ಒಂದು ನೇರ ಮಾತು ಬರೆದರು. ಈ ಅಭ್ಯಾಸದಿಂದ ಮನಸ್ಸು ತಿಳಿಯಾಗುತ್ತದೆ, ಅದು ನಿಜ. ಆದರೆ ಕೆಲಸ, ಹಣ, ಸಂಬಂಧಗಳಲ್ಲಿ ದೊಡ್ಡ ಲಾಭವಾದ ಸಾಕ್ಷಿ ಕಾಣುತ್ತಿಲ್ಲ ಎಂದರು. ಒಂದು ಕಾರಣವನ್ನೂ ಸೂಚಿಸಿದರು: ಯಾವುದು ಒಳ್ಳೆಯದೆಂದು ಗೊತ್ತಿದ್ದೂ ಮಾಡದೆ ಇರುವ ಮನುಷ್ಯ ಸ್ವಭಾವ. ನನ್ನ ಕೋಣೆಯಲ್ಲಿ ನಾನು ನೋಡುವುದೂ ಇದನ್ನೇ.

2012ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಸಿಎಫ್‌ಎಆರ್ ಎಂಬ ತರಬೇತಿ ಸಂಸ್ಥೆ ಹುಟ್ಟಿದ್ದು ಈ ಅಂತರ ಮುಚ್ಚಲಿಕ್ಕೆ. ಅವರು ಕಲಿಸಿದ ಒಂದು ಉಪಾಯಕ್ಕೆ ಗಟ್ಟಿ ಬುನಾದಿ ಇದೆ. ಅದು ಜರ್ಮನ್ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಸರ್ ಅವರ "ಹೀಗಾದಾಗ ಹೀಗೆ ಮಾಡುತ್ತೇನೆ" ಎಂಬ ಯೋಜನೆ. "ವ್ಯಾಯಾಮ ಮಾಡಬೇಕು" ಅಂತ ಸುಮ್ನೆ ಹೇಳಿಕೊಳ್ಳುವುದಲ್ಲ. "ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟ ಕೂಡಲೇ ಶೂ ಹಾಕುತ್ತೇನೆ" ಅನ್ನುವುದು. 94 ಅಧ್ಯಯನಗಳನ್ನು ಒಟ್ಟುಗೂಡಿಸಿದ 2006ರ ವಿಶ್ಲೇಷಣೆಯಲ್ಲಿ ಇದರ ಪರಿಣಾಮ ಚೆನ್ನಾಗಿಯೇ ಕಂಡಿತ್ತು. ನಾನೂ ದಿನವೂ ಬಳಸುತ್ತೇನೆ. ಮಾಡದೆ ಉಳಿದ ಫೋನು, ಬ್ಯಾಂಕ್ ಕೆಲಸ, ಮಾತ್ರೆ ನುಂಗುವುದು, ಇಂಥವಕ್ಕೆ ಇದು ಸಾಕು.

ಎಲ್ಲದಕ್ಕೂ ಸಾಲದು. ಯಾಕೆಂದರೆ ತೊಂದರೆ ಮನೋಬಲದ್ದು ಮಾತ್ರ ಅಲ್ಲ. ಒಂದು ಬಳಗ ಯಾವುದನ್ನು ಮೆಚ್ಚುತ್ತದೆಯೋ ಸದಸ್ಯರು ಅದರಲ್ಲೇ ಪಳಗುತ್ತಾರೆ. ಬರಹದ ಬಳಗಕ್ಕೆ ಕಾಣುವುದು ವಾದ ಮಾತ್ರ. ನೀವು ಇವತ್ತು ಅಮ್ಮನ ಜೊತೆ ಹೇಗೆ ಮಾತಾಡಿದಿರಿ, ಮ್ಯಾನೇಜರ್‌ಗೆ ಏನು ಹೇಳಿದಿರಿ, ಅದು ಅಲ್ಲಿ ಯಾರಿಗೂ ಕಾಣುವುದಿಲ್ಲ. ಹೀಗೆ ವರ್ಷಗಳ ಅಭ್ಯಾಸ ವಾದದಲ್ಲಿ ಆಗುತ್ತದೆ, ನಿರ್ಧಾರದಲ್ಲಿ ಆಗುವುದಿಲ್ಲ. ಬುದ್ಧಿವಂತಿಕೆ ಇದನ್ನು ತಾನಾಗಿ ಸರಿಪಡಿಸುವುದೂ ಇಲ್ಲ. "ಬೇರೆಯವರಿಗೆ ಪೂರ್ವಗ್ರಹ ಇದೆ, ನನಗಿಲ್ಲ" ಎನ್ನುವ ಕುರುಡು ಜಾಣರಲ್ಲಿ ಕಡಿಮೆಯೇನೂ ಇಲ್ಲ ಎಂದು ಮನೋವಿಜ್ಞಾನಿ ಕೀತ್ ಸ್ಟಾನೊವಿಚ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದರು.

ಇದನ್ನೆಲ್ಲ ಕೇಳಿ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಸತ್ಯ ಬಿಡಿ, ಗೆಲ್ಲಲು ಒಂದಿಷ್ಟು ಸಿಹಿ ಸುಳ್ಳು ಬೇಕು ಎನ್ನುತ್ತಾರೆ. ನನ್ನ ವೃತ್ತಿಯಲ್ಲೇ ಈ ಮಾತಿಗೆ ಇತಿಹಾಸ ಇದೆ. 1979ರಲ್ಲಿ ಲಾರೆನ್ ಅಲಾಯ್ ಮತ್ತು ಲಿನ್ ಅಬ್ರಮ್ಸನ್ ಒಂದು ಪ್ರಯೋಗ ಮಾಡಿದರು. ಗುಂಡಿ ಒತ್ತಿದಾಗ ದೀಪ ಹತ್ತುವುದರಲ್ಲಿ ನಿಮ್ಮ ಪಾಲು ಎಷ್ಟು ಎಂದು ವಿದ್ಯಾರ್ಥಿಗಳನ್ನು ಕೇಳಿದರು. ಖಿನ್ನತೆಯ ಲಕ್ಷಣ ಇದ್ದವರ ಅಂದಾಜೇ ನಿಜಕ್ಕೆ ಹತ್ತಿರ ಇತ್ತು. ದುಃಖದಲ್ಲಿರುವವರು ಜಗತ್ತನ್ನು ಇದ್ದ ಹಾಗೆ ನೋಡುತ್ತಾರೆ ಎಂಬ ಮಾತು ಅಲ್ಲಿಂದ ಹರಡಿತು. 1988ರಲ್ಲಿ ಶೆಲ್ಲಿ ಟೇಲರ್ ಮತ್ತು ಜೋನಥನ್ ಬ್ರೌನ್, ತನ್ನ ಬಗ್ಗೆ ಸ್ವಲ್ಪ ಹೆಚ್ಚು ಒಳ್ಳೆಯದಾಗಿ ನಂಬುವುದು ಮನಸ್ಸಿಗೆ ಆರೋಗ್ಯಕರ ಎಂದು ವಾದಿಸಿದರು. ಆದರೆ 2022ರಲ್ಲಿ ಬೇರೆ ಸಂಶೋಧಕರು ಆ ಹಳೆಯ ಪ್ರಯೋಗವನ್ನು ಮತ್ತೆ ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ. ನನಗೆ ಇದು ದೊಡ್ಡ ಸಮಾಧಾನ ತಂದ ಸುದ್ದಿ. "ನಾನು ಸತ್ಯ ಕಂಡವನು, ಅದಕ್ಕೇ ಹೀಗಿದ್ದೇನೆ" ಎಂದು ಖಿನ್ನತೆಯನ್ನು ಸಮರ್ಥಿಸಿಕೊಂಡು ಚಿಕಿತ್ಸೆ ಬೇಡ ಎನ್ನುವವರನ್ನು ನಾನು ನೋಡಿದ್ದೇನೆ.

ಸತ್ಯ ಬಿಟ್ಟ ಗೆಲುವು ಎಲ್ಲಿಗೆ ಒಯ್ಯಬಹುದು ಎನ್ನುವುದಕ್ಕೆ ಈ ಬಳಗದ ನೆರೆಮನೆಯಲ್ಲೇ ಉದಾಹರಣೆ ಇದೆ. ಲೆಕ್ಕ ಹಾಕಿ ದಾನ ಮಾಡುವ ಚಳವಳಿಯಲ್ಲಿ ಮೆರೆದ ಸ್ಯಾಮ್ ಬ್ಯಾಂಕ್‌ಮನ್-ಫ್ರೀಡ್ ಅವರ ಎಫ್‌ಟಿಎಕ್ಸ್ ಎಂಬ ಕ್ರಿಪ್ಟೋ ವಿನಿಮಯ ಕಂಪನಿ 2022ರ ನವೆಂಬರಿನಲ್ಲಿ ಕುಸಿಯಿತು. ವಂಚನೆಗಾಗಿ 2024ರಲ್ಲಿ ಅವರಿಗೆ 25 ವರ್ಷ ಶಿಕ್ಷೆ ಆಯಿತು. ಕುಸಿಯುವ ಹಿಂದಿನ ತಿಂಗಳವರೆಗೂ ಅವರು ಗೆದ್ದವರ ಪಟ್ಟಿಯಲ್ಲೇ ಇದ್ದರು.

ಹಾಗಾದರೆ ಸತ್ಯದ ಹುಡುಕಾಟ ಎಲ್ಲಿ ಫಲ ಕೊಡುತ್ತದೆ? ಉತ್ತರ ಬೇಗ ತಿಳಿಯುವ ಕಡೆ. 2011ರಲ್ಲಿ ಅಮೆರಿಕದ ಗುಪ್ತಚರ ಸಂಶೋಧನಾ ಸಂಸ್ಥೆ ಐಎಆರ್‌ಪಿಎ ಭವಿಷ್ಯ ಅಂದಾಜಿಸುವ ಸ್ಪರ್ಧೆ ಶುರು ಮಾಡಿತು. ಫಿಲಿಪ್ ಟೆಟ್‌ಲಾಕ್, ಬಾರ್ಬರಾ ಮೆಲ್ಲರ್ಸ್ ತಂಡ ಅದರಲ್ಲಿ ಗೆದ್ದಿತು. ಸುಮಾರು ಒಂದು ಗಂಟೆಯ ತರಬೇತಿಯೇ ಜನರ ಅಂದಾಜನ್ನು ಗಮನಿಸುವಷ್ಟು ಸುಧಾರಿಸಿತ್ತು. ಪ್ರತಿ ಅಂದಾಜಿಗೂ ಅಂಕ ಇತ್ತು. ಹವಾಮಾನ ಮುನ್ಸೂಚನೆಗಾಗಿ 1950ರಲ್ಲಿ ಗ್ಲೆನ್ ಬ್ರಯರ್ ಮಾಡಿದ ಅಳತೆಯದು. ಪ್ರಶ್ನೆ ಸ್ಪಷ್ಟ, ಕೊನೆಯ ದಿನಾಂಕ ಸ್ಪಷ್ಟ, ತಪ್ಪಿದರೆ ತಿಳಿಯುತ್ತದೆ. ಅಲ್ಲಿ ಸತ್ಯ ಮತ್ತು ಗೆಲುವು ಒಂದೇ. 2020ರ ಫೆಬ್ರುವರಿಯಲ್ಲೂ ಹೀಗೇ ಆಯಿತು. ಕೋವಿಡ್ ಬಗ್ಗೆ ಲೆಸ್‌ರಾಂಗ್ ಓದುಗರಲ್ಲಿ ಹಲವರು ಬೇಗ ಎಚ್ಚರಗೊಂಡರು. ನಂಬಿಕೆಯಿಂದ ಕೆಲಸಕ್ಕೆ ದಾರಿ ಚಿಕ್ಕದಿತ್ತು: ದಿನಸಿ ತರಬೇಕು, ಕೈಕುಲುಕಬಾರದು.

ಬದುಕಿನ ದೊಡ್ಡ ಪ್ರಶ್ನೆಗಳು ಹಾಗಿರುವುದಿಲ್ಲ. ನನ್ನ ಬಳಿ ಬರುವವರಲ್ಲಿ ಒಂದು ಬಗೆಯ ಜನ ಇದ್ದಾರೆ. ಗುರುತು ಸಿಗದ ಹಾಗೆ ಹಲವರ ಕಥೆ ಸೇರಿಸಿ ಹೇಳುತ್ತೇನೆ. ವಿದೇಶದಲ್ಲಿ ಕೆಲಸ, ಮೈಸೂರಿನಲ್ಲಿ ವಯಸ್ಸಾದ ಅಪ್ಪ ಅಮ್ಮ. ವಾಪಸ್ ಬರಬೇಕೇ? ಸ್ಪ್ರೆಡ್‌ಶೀಟ್ ಇದೆ. ಸಂಬಳ, ಮಕ್ಕಳ ಶಾಲೆ, ಆಸ್ಪತ್ರೆಯ ದೂರ, ಪಶ್ಚಾತ್ತಾಪ ಆಗುವ ಸಂಭವ, ಎಲ್ಲಕ್ಕೂ ತೂಕ ಕೊಟ್ಟಿದ್ದಾರೆ. ಪ್ರತಿ ವರ್ಷ ಅಂಕಿ ಬದಲಾಗುತ್ತದೆ, ನಿರ್ಧಾರ ಆಗುವುದಿಲ್ಲ. ಮಣ್ಣಿನ ಪರೀಕ್ಷೆಯ ವರದಿ ಮತ್ತೆ ಮತ್ತೆ ತರಿಸುತ್ತಾ ಬಿತ್ತನೆಯ ಕಾಲ ಕಳೆದುಕೊಂಡ ರೈತನ ಸ್ಥಿತಿ ಇದು.

ಅವರ ಲೆಕ್ಕದಲ್ಲಿ ತಪ್ಪಿಲ್ಲ. ಅವರು ಹುಡುಕುತ್ತಿರುವ ಸತ್ಯ ಇನ್ನೂ ಹುಟ್ಟಿಲ್ಲ, ಅಷ್ಟೇ. ಮೈಸೂರಿನ ಆ ಮನೆಯಲ್ಲಿ ಮತ್ತೆ ಇದ್ದರೆ ಹೇಗಿರುತ್ತದೆ ಎನ್ನುವುದಕ್ಕೆ ಎಲ್ಲೂ ಸಾಕ್ಷಿ ಇಲ್ಲ. ಹೋಗಿ ಇದ್ದರೆ ಮಾತ್ರ ಸಾಕ್ಷಿ ಸಿಗುತ್ತದೆ. ಹಾಗಾಗಿ ಮೂರು ತಿಂಗಳು ಅಲ್ಲಿಂದಲೇ ಕೆಲಸ ಮಾಡಲು ಆಫೀಸಿನಲ್ಲಿ ಕೇಳಿ ಎನ್ನುತ್ತೇನೆ. ಹೊರಡುವ ಮೊದಲು ನಿರೀಕ್ಷೆ ಬರೆದಿಡಿ. ಅಪ್ಪನ ಜೊತೆ ಜಗಳ ಆಗುವ ಸಂಭವ ಎಷ್ಟು? ಹೆಂಡತಿಗೆ ಉಸಿರುಕಟ್ಟುವ ಸಂಭವ ಎಷ್ಟು? ವಾಪಸ್ ಹೋಗುವ ವಾರ ಅದನ್ನೇ ತೆಗೆದು ನೋಡಿ. ಇಂಥ ಕಡೆ ಕೆಲಸಕ್ಕೆ ಇಳಿಯುವುದೇ ಸತ್ಯ ತಿಳಿಯುವ ದಾರಿ. ಸತ್ಯವೋ ಗೆಲುವೋ ಎಂದು ಜಗಳ ಆಡುವವರು ಈ ಜಾಗವನ್ನು ಹೆಚ್ಚಾಗಿ ನೋಡುವುದಿಲ್ಲ ಎನ್ನುವುದು ನನ್ನ ದೂರು. ಮೊದಲು ತಿಳಿ, ಆಮೇಲೆ ಮಾಡು ಎಂದೇ ಇಬ್ಬರೂ ಅಂದುಕೊಂಡಿರುತ್ತಾರೆ.

ಈ ಬರೆದಿಡುವ ಪದ್ಧತಿಯನ್ನು ಎಲ್ಲರಿಗೂ ಕೊಡುವುದಿಲ್ಲ. ಒಸಿಡಿ (ಬೇಡದ ಯೋಚನೆ ಮತ್ತೆ ಮತ್ತೆ ಬಂದು, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕಾಯಿಲೆ) ಇರುವವರಿಗೆ ಸಂಭವದ ಲೆಕ್ಕವೇ ಕಾಯಿಲೆಯ ಭಾಗ ಆಗಬಹುದು. ಗ್ಯಾಸ್ ಆಫ್ ಆಗಿದೆಯೇ ಎಂದು ಮತ್ತೆ ಮತ್ತೆ ನೋಡುವ ಹಾಗೆ, ನನ್ನ ನಂಬಿಕೆ ಸರಿಯೇ ಎಂದು ಮತ್ತೆ ಮತ್ತೆ ಲೆಕ್ಕ ಹಾಕುತ್ತಾರೆ. ಅವರಿಗೆ ಇನ್ನಷ್ಟು ಖಚಿತತೆ ಕೊಟ್ಟರೆ ಕಾಯಿಲೆ ಬೆಳೆಯುತ್ತದೆ. ಚಿಕಿತ್ಸೆ ಕಲಿಸುವುದು ಅದರ ಉಲ್ಟಾ: ಅನುಮಾನ ಇರುವಾಗಲೇ, ಪರೀಕ್ಷೆ ಮಾಡದೆ, ಮುಂದಿನ ಕೆಲಸಕ್ಕೆ ಹೋಗುವುದು. ದಿನದಲ್ಲಿ ಗಂಟೆಗಟ್ಟಲೆ ಇಂಥ ಲೆಕ್ಕದಲ್ಲೇ ಹೋಗುತ್ತಿದ್ದರೆ ಅದನ್ನು ಆಳವಾದ ಯೋಚನೆ ಎಂದುಕೊಂಡು ಕೂರಬೇಡಿ. ಮನೋವೈದ್ಯರನ್ನು ನೋಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ.